ಒಂಬತ್ತನೆಯ ಸಾಲು

ಮಾರ್ಚ್ ೩, ಸೋಮವಾರ

ಬೆಳಿಗ್ಗೆ ಯಜಮಾನರ ಬಿಪಿ ೧೫೦/೯೦. ಮಾತ್ರೆ ಮೂರೂ ಕೊಟ್ಟಾಯಿತು.

ದಿನವೂ ಬರೆದಿಡಿ ಎಂದು ಡಾಕ್ಟರು ಹೇಳಿದ್ದರಿಂದ ಬರೆಯುತ್ತಿದ್ದೇನೆ. ನಮ್ಮ ಹೊಲಿಗೆ ಅಂಗಡಿಯ ಹೋದ ವರ್ಷದ ಅಳತೆ ಪುಸ್ತಕ ಅರ್ಧ ಖಾಲಿ ಉಳಿದಿತ್ತು. ಎದೆ, ಸೊಂಟ, ತೋಳು ಎಂದು ಅಚ್ಚಾದ ಕಡೆಯೇ ಬಿಪಿ ಬರೆಯಬೇಕು. ಇರಲಿ. ಅಂಕಿ ಬರೆಯಿರಿ ಎಂದರೇ ಹೊರತು ಬೇರೇನೂ ಬರೆಯಬೇಡಿ ಎಂದು ಅವರು ಹೇಳಲಿಲ್ಲ. ಈ ಮನೆಯಲ್ಲಿ ನನ್ನ ಮಾತು ಕೇಳದವರು ಯಾರೂ ಇಲ್ಲ, ಆದರೆ ಕೆಲವು ಮಾತು ಯಾರಿಗೂ ಹೇಳುವಂಥದ್ದಲ್ಲ.

ಯಜಮಾನರು ಆಸ್ಪತ್ರೆಯಿಂದ ಬಂದು ಹತ್ತು ದಿನವಾಯಿತು. ಕೆಳಗೆ ಅಂಗಡಿಯಲ್ಲಿ ಕತ್ತರಿಸುವ ಮೇಜಿನ ಮುಂದೆ ನಿಂತಿದ್ದವರು ನಿಂತಲ್ಲೇ ಕುಸಿದದ್ದು ಫೆಬ್ರವರಿ ಹತ್ತರಂದು. ಲಕ್ವ. ಬಾಯಿ ಉಳಿಯಿತು, ಕಾಲು ಉಳಿಯಿತು, ಬಲಗೈ ಹೋಯಿತು. ಆಂಬುಲೆನ್ಸಿನಲ್ಲಿ ಇವರು ಆಡಿದ್ದು ಒಂದೇ ಮಾತು: ‘ನೀಲಿ ಬಟ್ಟೆ ಒಂದೂವರೆ ಮೀಟರ್ ಉಳಿದಿದೆ, ಮಡಚಿಡು.’ ಮಡಚಿಟ್ಟಿದ್ದೇನೆ. ಮೂರು ತಿಂಗಳೊಳಗೆ ಕೈಗೆ ಎಷ್ಟು ಬಂತೋ ಅಷ್ಟೇ ಗಟ್ಟಿ, ಆಮೇಲೆ ಬರುವುದು ಕಷ್ಟ ಎಂದಿದ್ದಾರೆ ಡಾಕ್ಟರು. ಅಂದರೆ ಮೇ ಹತ್ತು. ನಲವತ್ತೊಂದು ವರ್ಷ ಕೋಟು ಕತ್ತರಿಸಿದ ಕೈ ಈಗ ದಿಂಬಿನ ಮೇಲೆ ಬೇರೆ ಯಾರದೋ ಕೈಯಂತೆ ಬಿದ್ದಿರುತ್ತದೆ.

ಸೋಮವಾರ, ಬುಧವಾರ, ಶುಕ್ರವಾರ ಹನ್ನೊಂದಕ್ಕೆ ಕೈಗೆ ವ್ಯಾಯಾಮ ಮಾಡಿಸಲು ಒಬ್ಬ ಹುಡುಗಿ ಬರುತ್ತಾಳೆ. ಇಪ್ಪತ್ತೈದು ಇರಬಹುದು. ನಗು ಜಾಸ್ತಿ. ಅವಳು ಹಾಕುವ ಬಿಳಿ ಕೋಟಿನ ಭುಜ ಎರಡು ಬೆರಳು ಕೆಳಗೆ ಜಾರಿದೆ. ಹೊಲಿದವನ ಕೈ ಮುರಿಯಬೇಕು. ಅಂಥ ಕೋಟು ಹಾಕಿಕೊಂಡು ತಿರುಗುವವಳು ನಮ್ಮ ಕೈ ಸರಿಮಾಡುತ್ತಾಳಂತೆ. ನಾನು ಅವಳಿಗೆ ಬಿಳಿಕೋಟು ಎಂದೇ ಹೆಸರಿಟ್ಟಿದ್ದೇನೆ. ಬೀರುವಿನ ಬಾಗಿಲಿನ ಒಳಬದಿಗೆ ಒಂದು ಪಟ್ಟಿ ಅಂಟಿಸಿ ಹೋಗಿದ್ದಾಳೆ. ಆರು ವ್ಯಾಯಾಮ, ದಿನಕ್ಕೆ ಎಷ್ಟು ಸಲ, ಮಾಡಿದ ಮೇಲೆ ಪೆನ್ಸಿಲಿನಲ್ಲಿ ಗುರುತು ಹಾಕಲು ತಾರೀಖಿನ ಚೌಕದ ಮನೆಗಳು. ಗುರುತನ್ನು ಇವರೇ ಎಡಗೈಯಲ್ಲಿ ಹಾಕಬೇಕಂತೆ. ಅದೂ ವ್ಯಾಯಾಮವೇ ಅಂತೆ.

ಮಾರ್ಚ್ ೬, ಗುರುವಾರ

೧೪೮/೯೦.

ಬೆಳಿಗ್ಗೆ ಕಿಟಕಿ ತೆರೆಯುತ್ತಿದ್ದೆ. ಹಿಂದಿನಿಂದ, ‘ಇವಳೇ, ನಿನಗೆ ನಿದ್ದೆ ಬಂತಾ?’ ಎಂದರು.

ಮದುವೆಯಾದಂದಿನಿಂದ ನಾನು ಇವರಿಗೆ ‘ಇವಳೇ’. ಅದಕ್ಕೆ ನನ್ನ ತಕರಾರಿಲ್ಲ. ಆದರೆ ನಿದ್ದೆ ಬಂತಾ ಎಂದು ಕೇಳಿದ್ದು ಇದೇ ಮೊದಲು. ಎರಡು ಹೆರಿಗೆಯಾದಾಗ ಕೇಳಿಲ್ಲ, ನನ್ನ ತಾಯಿ ತೀರಿಕೊಂಡಾಗ ಕೇಳಿಲ್ಲ.

‘ಯಾಕೆ ಕೇಳ್ತಿದ್ದೀರಿ?’

‘ಸುಮ್ಮನೆ.’

ಸುಮ್ಮನೆ ಏನನ್ನೂ ಮಾಡುವ ಮನುಷ್ಯರಲ್ಲ ಇವರು. ಬಟ್ಟೆಗೆ ಒಂದು ಗೆರೆಯನ್ನೂ ಸುಮ್ಮನೆ ಎಳೆದವರಲ್ಲ. ನನಗೆ ಗೊತ್ತಿಲ್ಲದೆ ಏನೋ ಮಾಡಿದ್ದಾರೆ, ಇಲ್ಲವೇ ಮಾಡುವುದಕ್ಕಿದ್ದಾರೆ.

ಮಾರ್ಚ್ ೮, ಶನಿವಾರ

೧೫೨/೯೨. ನನ್ನದನ್ನು ನೋಡಿದ್ದರೆ ಇನ್ನೂ ಮೇಲೆ ಇರುತ್ತಿತ್ತು.

ಮಧ್ಯಾಹ್ನ ಗಂಜಿ ಕುಡಿಸುತ್ತಿದ್ದೆ. ‘ಗಂಜಿ ಬಹಳ ಚೆನ್ನಾಗಿದೆ’ ಎಂದರು. ಡಾಕ್ಟರು ಹೇಳಿದಂತೆ ಅದಕ್ಕೆ ಉಪ್ಪೇ ಹಾಕಿರಲಿಲ್ಲ. ನಾನೇ ಒಂದು ಚಮಚ ಬಾಯಿಗೆ ಹಾಕಿ ನೋಡಿದೆ. ಗೋಡೆಗೆ ಬಳಿಯುವ ಸುಣ್ಣಕ್ಕೂ ಇದಕ್ಕೂ ವ್ಯತ್ಯಾಸವಿಲ್ಲ.

‘ಸುಳ್ಳು ಯಾಕೆ ಹೇಳ್ತೀರಿ?’

ಇವರ ಮುಖ ಕೆಂಪಾಯಿತು. ಗಿರಾಕಿಗಳಿಗೂ ಸುಳ್ಳು ಹೇಳದವರು ನನಗೆ ಸುಳ್ಳು ಹೇಳುವುದೆಂದರೆ ಅದರ ಹಿಂದೆ ಏನೋ ಇದೆ.

ಮಾರ್ಚ್ ೯, ಭಾನುವಾರ

ಇವತ್ತು ಮತ್ತೆ ಗಂಜಿ. ಎರಡು ಚಮಚ ಕುಡಿದು, ಸ್ವಲ್ಪ ಹೊತ್ತು ಯೋಚಿಸಿ, ಕಂಠಪಾಠ ಒಪ್ಪಿಸುವವರ ಹಾಗೆ ಹೇಳಿದರು: ‘ಗಂಜಿಗೆ ರುಚಿ ಇಲ್ಲ. ಆದರೆ ದಿನಾ ಬಿಸಿಯಾಗೇ ತಂದು ಕೊಡ್ತೀಯ.’

ನಿನ್ನೆ ಹಾಕಿದ ತಪ್ಪು ಹೊಲಿಗೆ ಬಿಚ್ಚಿ ಮತ್ತೆ ಹಾಕಿದ ಹಾಗಿತ್ತು. ಯಾರು ಬಿಚ್ಚಿಸಿದರು?

ಮಾರ್ಚ್ ೧೨, ಬುಧವಾರ

೧೪೬/೮೮.

ಅಂಗಡಿಯಲ್ಲಿ ಹೊಲಿಗೆ ಕಲಿಯಲು ಒಬ್ಬ ಹೆಂಗಸು ಸೇರಿದ್ದಾಳೆ. ವಯಸ್ಸು ನಲವತ್ತರ ಹತ್ತಿರ, ಎರಡು ಮಕ್ಕಳ ತಾಯಿ. ಎಲ್ಲರಿಗೂ ಮಾಡಿದಂತೆ ಅವಳಿಗೂ ಇನ್ನೂ ದಾರ ಕೊಟ್ಟಿಲ್ಲ. ದಾರ ಪೋಣಿಸದ ಸೂಜಿಯಲ್ಲಿ, ಗೆರೆ ಹಾಕಿದ ಕಾಗದದ ಮೇಲೆ ಮೆಷಿನ್ ಓಡಿಸಬೇಕು. ಗೆರೆಯ ಮೇಲೇ ತೂತು ಬೀಳಬೇಕು. ಬೆಳಿಗ್ಗೆ ಅವಳು, ‘ಅಮ್ಮಾ, ಇದರಲ್ಲಿ ಏನೂ ಹೊಲಿದ ಹಾಗೇ ಆಗಲ್ವಲ್ಲ’ ಎಂದಳು. ‘ಹೊಲಿಗೆ ಬಟ್ಟೆಯಲ್ಲಿ ಇರಲ್ಲ, ಕೈಯಲ್ಲಿರುತ್ತೆ. ಅದು ಕೈಗೆ ಬರೋವರೆಗೂ ಕಾಗದ ಹಾಳು ಮಾಡು, ಬಟ್ಟೆ ಬೇಡ’ ಎಂದೆ. ಬೆರಳಿನ ಗೆಣ್ಣಿಗೆ ಅಡಿಕೋಲಿನಿಂದ ಒಂದು ಮುಟ್ಟಿಸಿದೆ ಕೂಡ. ನನಗೆ ನಮ್ಮತ್ತೆ ಹಾಗೇ ಕಲಿಸಿದ್ದು. ಹೈಸ್ಕೂಲು ಮುಗಿಸಿ ಬಂದವಳೆಂದು ನನಗೇನೂ ರಿಯಾಯಿತಿ ಸಿಕ್ಕಿರಲಿಲ್ಲ.

ಹನ್ನೊಂದೂವರೆಗೆ ಮೇಲೆ ಹೋದರೆ ಕೋಣೆಯ ಬಾಗಿಲು ಮುಚ್ಚಿದೆ. ಒಳಗೆ ನಗು. ಬಿಳಿಕೋಟಿನದ್ದು ಬಿಡಿ, ಅವಳಿಗೆ ಅದೇ ಕಸುಬು. ಇವರದ್ದೂ ಕೇಳಿಸಿತು! ಇವರು ನಕ್ಕರೆ ಹೇಗೆ ಕೇಳಿಸುತ್ತದೆ ಎನ್ನುವುದೇ ನನಗೆ ಮರೆತುಹೋಗಿತ್ತು. ಬಾಗಿಲು ತೆರೆದೆ. ಇಬ್ಬರೂ ಬಾಯಿ ಮುಚ್ಚಿದರು.

‘ಬಾಗಿಲು ಹಾಕ್ಕೊಂಡು ಮಾಡೋ ವ್ಯಾಯಾಮ ಯಾವುದಮ್ಮಾ?’

‘ಗಾಳಿಗೆ ಹಾಕ್ಕೊಂತು ಅಮ್ಮಾ’ ಎಂದಳು.

ಗಾಳಿ ಇರಲಿಲ್ಲ. ಕಿಟಕಿಯ ಪರದೆ ಅಲ್ಲಾಡುತ್ತಿರಲಿಲ್ಲ, ನೋಡಿದೆ.

ಮಾರ್ಚ್ ೧೩, ಗುರುವಾರ

ತಲೆ ಬಾಚುತ್ತಿದ್ದೆ. ಕಣ್ಣು ಕೀಳದೆ ನೋಡುತ್ತಿದ್ದರು.

‘ಏನು ನೋಡ್ತಿದ್ದೀರಿ?’

‘ನಿನ್ನ.’

ಮುಖಕ್ಕೆ ಸೀಮೆಸುಣ್ಣ ಹತ್ತಿದೆಯೇನೋ ಎಂದು ಕನ್ನಡಿಯಲ್ಲಿ ನೋಡಿಕೊಂಡೆ. ಏನೂ ಇರಲಿಲ್ಲ. ಕೂದಲು ಮಾತ್ರ ಪೂರಾ ಬೆಳ್ಳಗಾಗಿದೆ. ಅದನ್ನು ನೋಡುವುದಕ್ಕೇನಿದೆ?

ಮಾರ್ಚ್ ೧೫, ಶನಿವಾರ

ಯೋಚಿಸಿ ಯೋಚಿಸಿ ಒಂದು ತೀರ್ಮಾನಕ್ಕೆ ಬಂದೆ: ಇವರು ಸಾಯುತ್ತಾರೆ. ಡಾಕ್ಟರು ಇವರಿಗೆ ಮಾತ್ರ ಹೇಳಿದ್ದಾರೆ, ಅದಕ್ಕೇ ಈ ಒಳ್ಳೆಯತನ. ಬೆಳಿಗ್ಗೆ ಆಸ್ಪತ್ರೆಗೆ ಒಬ್ಬಳೇ ಹೋದೆ. ಎದುರಿಗೆ ಕೂತು, ‘ಎಷ್ಟು ದಿನ ಅಂತ ನೇರವಾಗಿ ಹೇಳಿ. ಅತ್ತು ಕರೆಯೋ ಪೈಕಿ ಅಲ್ಲ ನಾನು’ ಎಂದೆ.

ಡಾಕ್ಟರು ಕಾಗದಗಳನ್ನು ಎರಡು ಸಲ ತಿರುವಿ ಹಾಕಿದರು. ‘ಯಾರಮ್ಮಾ ನಿಮಗೆ ಹೇಳಿದ್ದು? ಎಲ್ಲ ಚೆನ್ನಾಗಿದೆಯಲ್ಲ. ಕೈಯೊಂದೇ ನೋಡಿಕೊಳ್ಳಬೇಕು. ವ್ಯಾಯಾಮ ಒಂದು ದಿನವೂ ತಪ್ಪಿಸಬೇಡಿ’ ಎಂದರು.

ಸಾಯುವುದಿಲ್ಲ. ಬರುವಾಗ ಮನೆಯ ತಿರುವು ದಾಟಿ ಮುಂದೆ ಹೋಗಿಬಿಟ್ಟಿದ್ದೆ. ಬಿಸಿಲಿಗಿರಬೇಕು.

ಹಾಗಾದರೆ ಮತ್ತೆ ಯಾಕೆ?

ಮಾರ್ಚ್ ೧೮, ಮಂಗಳವಾರ

ಸಿಕ್ಕಿತು.

ಬೀರುವಿನಲ್ಲಿ ಟವೆಲು ಹುಡುಕುತ್ತಿದ್ದವಳು ಬಾಗಿಲಿನ ಪಟ್ಟಿಯನ್ನು ಕಣ್ಣಿಟ್ಟು ನೋಡಿದೆ. ಇಷ್ಟು ದಿನ ಗುರುತುಗಳನ್ನು ಮಾತ್ರ ನೋಡುತ್ತಿದ್ದೆ. ಅಚ್ಚಾದ ಆರು ವ್ಯಾಯಾಮಗಳ ಕೆಳಗೆ ಪೆನ್ಸಿಲಿನಲ್ಲಿ ಇನ್ನೂ ಮೂರು ಸಾಲುಗಳಿವೆ. ಸೊಟ್ಟಪಟ್ಟ ಅಕ್ಷರ, ಇವರ ಎಡಗೈಯದ್ದು.

೭. ಮುಖ ನೋಡಿ ವಿಚಾರಿಸುವುದು — ದಿನಕ್ಕೆ ೨.
೮. ಮೆಚ್ಚುವುದು — ೧. (ನಿಜವಿದ್ದರೆ ಮಾತ್ರ.)
೯. ಹೆಸರು ಹಿಡಿದು ಕರೆಯುವುದು — ೧.

ಏಳಕ್ಕೂ ಎಂಟಕ್ಕೂ ಸಾಲಾಗಿ ಗುರುತುಗಳಿವೆ. ಮಾರ್ಚ್ ಎಂಟರ ಮನೆಯಲ್ಲಿ ಎಂಟನೆಯದಕ್ಕೆ ಹಾಕಿದ ಗುರುತನ್ನು ಹೊಡೆದುಹಾಕಿದೆ. ಗಂಜಿಯ ದಿನ ಅದು. ಒಂಬತ್ತನೆಯ ಸಾಲು ಪೂರಾ ಖಾಲಿ.

ನೆಲದ ಮೇಲೇ ಕೂತುಬಿಟ್ಟೆ. ನಿದ್ದೆ ಬಂತಾ ಎಂದು ಕೇಳಿದ್ದು ಔಷಧಿಯ ಹಾಗೆ, ದಿನಕ್ಕೆ ಎರಡು ಸಲ! ಬಿಳಿಕೋಟು ಹೇಳಿಕೊಟ್ಟಿದ್ದಾಳೆ, ಇವರು ಬರೆದುಕೊಂಡಿದ್ದಾರೆ, ನಾನು ಚೆಂಡು ಹಿಸುಕುವುದಕ್ಕೂ ಬೆರಳು ಮಡಚುವುದಕ್ಕೂ ಮುಂದಿನ ವ್ಯಾಯಾಮವಾಗಿದ್ದೇನೆ. ಅದಕ್ಕೇ ಬಾಗಿಲು ಮುಚ್ಚಿ ನಗು. ಇಬ್ಬರೂ ಸೇರಿ, ಮುದುಕಿಗೆ ಇವತ್ತು ಏನು ಹೇಳಿದೆ, ಅವಳೇನಂದಳು ಎಂದು ನಕ್ಕಿದ್ದಾರೆ. ಇನ್ನು ಆ ಹೆಸರು ಹಿಡಿದು ಕರೆಯುವುದು ಯಾರನ್ನೋ! ನನ್ನನ್ನಂತೂ ಕರೆದಿಲ್ಲ.

ನನ್ನ ಗಂಡ ನನ್ನ ಜೊತೆ ಹೇಗೆ ಮಾತಾಡಬೇಕೆಂದು ಹೇಳಿಕೊಡಲು ಅವಳು ಯಾರು?

ಮಾರ್ಚ್ ೧೯, ಬುಧವಾರ

ಹನ್ನೊಂದಕ್ಕೆ ಮೆಟ್ಟಿಲ ಬಳಿಯೇ ನಿಲ್ಲಿಸಿದೆ. ‘ನಾಳೆಯಿಂದ ಬರೋದು ಬೇಡ. ಇವತ್ತೂ ಬೇಡ.’

ಅವಳ ನಗು ನಿಂತಿತು. ‘ಯಾಕಮ್ಮಾ? ಈಗ ನಿಲ್ಲಿಸಿದ್ರೆ ಬೆರಳು ಬಿಗಿದುಬಿಡುತ್ತೆ.’

‘ನಿನ್ನ ಪಟ್ಟಿ ನೋಡಿದ್ದೀನಿ. ಒಂಬತ್ತೂ.’

ಸ್ವಲ್ಪ ಹೊತ್ತು ನನ್ನ ಮುಖವನ್ನೇ ನೋಡಿದಳು. ‘ಆರೇ ಅಮ್ಮಾ ನಂದು. ಮಿಕ್ಕಿದ್ದು ಅವರದ್ದು. ಅವರನ್ನೇ ಕೇಳಿ’ ಎಂದಳು. ಚೀಲದಿಂದ ರಬ್ಬರ್ ಚೆಂಡು ತೆಗೆದು ಮೆಟ್ಟಿಲ ಮೇಲಿಟ್ಟು ಹೋದಳು. ಹಿಂದಿನಿಂದ ನೋಡಿದರೆ ಕೋಟಿನ ಬೆನ್ನೂ ಸರಿಯಿಲ್ಲ.

ಕೇಳುವುದೇನು ಬಂತು? ಹೇಳಿಸಿಕೊಂಡವರು ಒಪ್ಪಿಕೊಳ್ಳುತ್ತಾರೆಯೇ?

ಇವರಿಗೆ, ‘ಅವಳನ್ನು ಬಿಡಿಸಿದೆ’ ಎಂದೆ. ಕಿಟಕಿಯ ಕಡೆ ತಿರುಗಿಕೊಂಡರು.

ಮಾರ್ಚ್ ೨೦, ಗುರುವಾರ

೧೫೮/೯೪. ಬೆಳಿಗ್ಗೆ ನಿದ್ದೆಯ ವಿಷಯ ಕೇಳಲಿಲ್ಲ. ನೆಮ್ಮದಿಯಾಯಿತು.

ಮಾರ್ಚ್ ೨೧, ಶುಕ್ರವಾರ

೧೫೬/೯೪. ಇವತ್ತೂ ಕೇಳಲಿಲ್ಲ.

ಮಾರ್ಚ್ ೨೪, ಸೋಮವಾರ

ಹನ್ನೊಂದರ ವ್ಯಾಯಾಮ ಇನ್ನು ನನ್ನದು. ಮೂವತ್ತೆಂಟು ಜನಕ್ಕೆ ಹೊಲಿಗೆ ಕಲಿಸಿದವಳಿಗೆ ಒಂದು ಕೈಗೆ ಆರು ಪಾಠ ಹೇಳಿಕೊಡುವುದು ದೊಡ್ಡದಲ್ಲ. ಬೆರಳು ಒಂದೊಂದನ್ನೇ ಹಿಡಿದು ಬಿಡಿಸಿದೆ. ಬಿಗಿದುಕೊಂಡಿದ್ದವು. ಇವರು ತುಟಿ ಕಚ್ಚಿಕೊಂಡರು.

‘ನೋಯುತ್ತೆ ಇವಳೇ.’

‘ನೋಯದೆ ಏನು ಬರುತ್ತೆ?’

ಮುಗಿದ ಮೇಲೆ ಹಣೆಯೆಲ್ಲ ಬೆವರು. ಎಡಗೈಯಲ್ಲಿ ಒರೆಸಿಕೊಂಡು, ‘ನಿನ್ನ ಕೈ ನೋಯ್ತಾ?’ ಎಂದರು.

ಏಳನೆಯದು. ಬಿಟ್ಟಿಲ್ಲ ಅದನ್ನು. ಎದ್ದು ಬಂದೆ.

ಮಾರ್ಚ್ ೨೯, ಶನಿವಾರ

೧೫೪/೯೦.

ಹೆಬ್ಬೆರಳು ಒಳಗೆ ಮಡಚಿಕೊಂಡಿದೆ. ಹೋದ ವಾರ ಹಿಡಿಯುತ್ತಿದ್ದ ಚಮಚ ಇವತ್ತು ಹಿಡಿಯಲಾಗಲಿಲ್ಲ.

ಮಗ ಕತ್ತಿಗೆ ಟೇಪು ಹಾಕಿಕೊಂಡೇ ಮೇಲೆ ಬಂದು ಕೂಗಾಡಿದ. ‘ಅಮ್ಮಾ, ಆ ಹುಡುಗಿಯನ್ನ ಯಾಕೆ ಓಡಿಸಿದ್ದು? ಕಾರಣ ಹೇಳು, ನಾನೂ ಒಪ್ಪಿದ್ರೆ ಸುಮ್ಮನಾಗ್ತೀನಿ.’

‘ಕಾರಣ ಕೇಳೋಷ್ಟು ದೊಡ್ಡವನಾದೆಯಾ?’

‘ಅಪ್ಪನ ಕೈ ಹೋದ್ರೆ ನಿನ್ನ ಹಟದಿಂದ ಹೋಯ್ತು ಅಂತಾನೇ ಲೆಕ್ಕ.’

ಸೊಸೆ ಬಾಗಿಲಲ್ಲಿ ನಿಂತು ಗುಂಡಿಯ ಕಾಜಾ ಹಾಕುತ್ತಿದ್ದ ಬಟ್ಟೆಯನ್ನು ನೋಡುತ್ತಿದ್ದಳು. ಅವಳೂ ಅವನ ಕಡೆಯೇ. ಗೊತ್ತಿಲ್ಲವೇ ನನಗೆ?

ನಾನೇ ಹೋಗಿ ಕರೆಯುವುದು ಸಾಧ್ಯವಿಲ್ಲ. ಇಷ್ಟು ವರ್ಷ ಯಾರ ಬಾಗಿಲಿಗೂ ಹೋಗಿ ನಿಂತವಳಲ್ಲ.

ಏಪ್ರಿಲ್ ೨, ಬುಧವಾರ

ಬಿಪಿ ಆಮೇಲೆ ನೋಡುತ್ತೇನೆ. ಇದನ್ನು ಮೊದಲು ಬರೆಯಬೇಕು.

ಹನ್ನೊಂದಕ್ಕೆ ಇವರ ಹೆಬ್ಬೆರಳು ಬಿಡಿಸುತ್ತಿದ್ದೆ. ಬರಲಿಲ್ಲ. ಒತ್ತಿದೆ. ಇವರ ಕಣ್ಣಲ್ಲಿ ನೀರು ಬಂತು. ನನಗೆ ಸಿಟ್ಟು ಬಂತು. ‘ಅವಳು ಬಂದಿದ್ರೆ ನಗ್ತಾ ಮಾಡಿಸಿಕೊಳ್ತಿದ್ರಿ! ನನಗೆ ಹೇಳೋ ಮಾತನ್ನೂ ಅವಳು ಹೇಳಿಕೊಟ್ಟ ಹಾಗೆ ಬರ್ಕೊಂಡ್ರಲ್ಲ, ನಾಚಿಕೆ ಆಗಲಿಲ್ವಾ?’

‘ಅವಳು ಬರೆಸಿಲ್ಲ.’

‘ಮತ್ತೆ?’

ಎಡಗೈಯಲ್ಲಿ ಕಣ್ಣು ಒರೆಸಿಕೊಂಡರು. ನಾನು ಕೈ ಬಿಡಲಿಲ್ಲ. ಆಮೇಲೆ ಹೇಳಿದರು, ‘ಆಂಬುಲೆನ್ಸಲ್ಲಿ ನೀನು ನನ್ನ ಕಾಲ ಹತ್ರ ಕೂತಿದ್ದೆ. ಸತ್ತೇ ಹೋಗ್ತೀನಿ ಅಂದ್ಕೊಂಡೆ. ನಿನಗೆ ಏನಾದ್ರೂ ಹೇಳಿ ಹೋಗಬೇಕು ಅನ್ನಿಸ್ತು. ಬಾಯಿ ಚೆನ್ನಾಗೇ ಇತ್ತು. ಏನು ಹೇಳಿದೆ, ಜ್ಞಾಪಕ ಇದೆಯಾ?’

‘ನೀಲಿ ಬಟ್ಟೆ ಮಡಚಿಡು ಅಂದ್ರಿ.’

‘ಅದೊಂದೇ ಬಂದದ್ದು. ಹುಡುಕಿದೆ. ಬೇರೆ ಏನೂ ಸಿಗಲಿಲ್ಲ ಬಾಯಿಗೆ.’

ಹೊರಗೆ ಯಾರೋ ಸೈಕಲ್ ಬೆಲ್ಲು ಬಾರಿಸಿಕೊಂಡು ಹೋದರು.

‘ಆ ಹುಡುಗಿ ಮೊದಲ ದಿನ ಹೇಳಿದ್ಳು, ಕೈ ಮರೆತಿದೆ, ಸಣ್ಣದರಿಂದ ಶುರು ಮಾಡಿ, ದಿನಾ ಮಾಡಿ, ಗುರುತು ಹಾಕಿ, ಬರುತ್ತೆ ಅಂತ. ಕೈ ಆದ್ರೆ ಮರೆತಿದೆ. ಇದು ನನಗೆ ಮೊದಲಿಂದ್ಲೂ ಬರ್ತಿರಲಿಲ್ಲ. ಕಲಿಯೋಣ ಅಂತ ಬರ್ಕೊಂಡೆ. ಅವಳು ನೋಡಿ ನಕ್ಳು. ನಾನೂ ನಕ್ಕೆ. ಗಂಜಿ ಕಥೆ ಹೇಳಿದ್ದೆ.’

‘ಲೆಕ್ಕ ಇಟ್ಕೊಂಡು, ಗುರುತು ಹಾಕ್ಕೊಂಡು ಮಾಡೋದು ಪ್ರೀತಿನಾ? ಅದು ತಾನಾಗಿ ಇರಬೇಕು. ಇಲ್ಲದಿದ್ರೆ ನಾಟಕ.’

‘ಇತ್ತು. ಇಲ್ಲ ಅಂದೋರು ಯಾರು? ಥಾನಿನಲ್ಲಿ ಬಟ್ಟೆ ಇದ್ದ ಹಾಗೆ ಇತ್ತು. ಸುತ್ತಿಟ್ಟ ಬಟ್ಟೆಯಿಂದ ಯಾರಿಗೆ ಚಳಿ ಹೋಗುತ್ತೆ?’ ಎಂದರು. ಉಸಿರು ತೆಗೆದುಕೊಂಡು ಮತ್ತೆ, ‘ನೀನು ಎಲ್ಲರ ಕೈಲೂ ದಾರ ಇಲ್ದೆ ಕಾಗದದ ಮೇಲೆ ಮೆಷಿನ್ ಓಡಿಸ್ತೀಯಲ್ಲ, ಅದು ನಾಟಕವಾ?’

ಅದಕ್ಕೆ ನನ್ನಲ್ಲಿ ಉತ್ತರವಿತ್ತು. ಆ ಹೊತ್ತಿಗೆ ನೆನಪಾಗಲಿಲ್ಲ ಅಷ್ಟೇ.

ಇವರು ಹೇಳಿದ್ದೆಲ್ಲ ನಿಜವೆಂದು ನಾನು ನಂಬಿಲ್ಲ. ಒಂದೇ ಬಾರಿಗೆ ಇಷ್ಟು ಮಾತಾಡುವವರಲ್ಲ ಇವರು. ಬರೆದುಕೊಂಡು ಬಾಯಿಪಾಠ ಮಾಡಿದ್ದರೂ ಮಾಡಿರಬಹುದು. ಬೀರುವಿನಲ್ಲೆಲ್ಲ ಹುಡುಕಿದೆ. ಬೇರೆ ಕಾಗದವೇನೂ ಸಿಗಲಿಲ್ಲ.

ಬಾಗಿಲಿನ ಪಟ್ಟಿಯನ್ನು ಇನ್ನೊಮ್ಮೆ ನೋಡಿದೆ. ಮಾರ್ಚ್ ಇಪ್ಪತ್ತು ಮತ್ತು ಇಪ್ಪತ್ತೊಂದು ಬಿಟ್ಟರೆ ಏಳನೆಯದು ಒಂದು ದಿನವೂ ತಪ್ಪಿಲ್ಲ. ಇಪ್ಪತ್ತನಾಲ್ಕಕ್ಕೆ ಎರಡು ಗುರುತು. ನಾನು ಎದ್ದು ಬಂದ ಮೇಲೆ ಇನ್ನೊಂದು ಸಲ ಯಾವಾಗ ವಿಚಾರಿಸಿದರು? ನೆನಪಿಲ್ಲ. ನಾನು ಕೇಳಿಸಿಕೊಂಡಿರಲಿಕ್ಕಿಲ್ಲ.

ಏಪ್ರಿಲ್ ೩, ಗುರುವಾರ

೧೫೦/೯೦.

ತಪ್ಪಾಯಿತು.
ತಪ್ಪಾಯಿತು.
ತಪ್ಪಾಯಿತು.
ತಪ್ಪಾಯಿತಮ್ಮಾ, ನಾಳೆಯಿಂದ ಬಾ.

ಮೇಲಿನ ನಾಲ್ಕು ಸಾಲು ಪೆನ್ನು ಸರಿಯಾಗಿ ಬರೆಯುತ್ತದೆಯೋ ಇಲ್ಲವೋ ಎಂದು ನೋಡಲು ಬರೆದದ್ದು.

ಏಪ್ರಿಲ್ ೪, ಶುಕ್ರವಾರ

ಬಿಳಿಕೋಟು ಕೆಲಸ ಮಾಡುವ ಚಿಕಿತ್ಸಾಲಯಕ್ಕೆ ಹೋದೆ. ಹೊರಗಿನ ಬೆಂಚಿನ ಮೇಲೆ ಮುಕ್ಕಾಲು ಗಂಟೆ ಕೂತೆ. ಮಂಡಿಗೆ ಬಟ್ಟೆ ಸುತ್ತಿಕೊಂಡವನೊಬ್ಬ, ‘ನಿಮಗೆ ಎಲ್ಲಿ ನೋವಮ್ಮಾ?’ ಎಂದ. ‘ನನಗೆ ಎಲ್ಲೂ ಇಲ್ಲ’ ಎಂದೆ. ದಾರಿಯುದ್ದಕ್ಕೂ ಹೇಳಿಕೊಂಡು ಬಂದಿದ್ದ ಮಾತು ಅವಳು ಹೊರಗೆ ಬಂದದ್ದೇ ತಡ ಗಂಟಲವರೆಗೆ ಬಂದು ವಾಪಸ್ಸು ಹೋಯಿತು.

‘ಅಮ್ಮಾ! ಮಾಸ್ಟರ್ ಕೈ ಹೇಗಿದೆ?’ ಅವಳು ಮೊದಲು ಕೇಳಿದ್ದೇ ಅದು.

‘ಆ ಕೋಟು ಬಿಚ್ಚು’ ಎಂದೆ.

‘ಹಾಂ?’

‘ಭುಜ ಬಿದ್ದಿದೆ. ಬೆನ್ನೂ ಸರಿಯಿಲ್ಲ. ಮೊದಲ ದಿನದಿಂದ ನೋಡ್ತಿದ್ದೀನಿ, ನೋಡೋಕಾಗ್ತಿಲ್ಲ. ಬಿಚ್ಚಿ ಕೊಡು, ಸರಿ ಮಾಡಿಸ್ತೀನಿ. ಸೋಮವಾರ ಮನೆಗೆ ಬಂದು ತಗೊಂಡು ಹೋಗು.’

ಮಂಡಿಯವನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದ. ಅವಳು ಕೋಟು ಬಿಚ್ಚಿ ಮಡಚಿ ನನ್ನ ಕೈಗಿಟ್ಟಳು. ‘ಸೋಮವಾರ ಎಷ್ಟು ಗಂಟೆಗಮ್ಮಾ?’

‘ಹನ್ನೊಂದಕ್ಕೆ.’

‘ಹನ್ನೊಂದಕ್ಕೇನಾ?’ ಎಂದು ಹಲ್ಲು ಬಿಟ್ಟಳು.

ಅವಳಿಗೆ ಎಲ್ಲ ಅರ್ಥವಾಗಿದೆ ಎಂದು ನನಗೂ ಅರ್ಥವಾಯಿತು. ಇಂಥವರ ಹತ್ತಿರ ಎಚ್ಚರವಾಗಿರಬೇಕು.

ಏಪ್ರಿಲ್ ೭, ಸೋಮವಾರ

೧೪೪/೮೬.

ಕೋಟನ್ನು ನಾನೇ ಬಿಚ್ಚಿ ನಾನೇ ಹೊಲಿದೆ. ತೋಳು ಎರಡೂ ತೆಗೆದು ಭುಜ ಒಳಗೆ ತಂದು ಮತ್ತೆ ಕೂರಿಸಿದೆ. ಸರಿಯಾಗಿ ಹನ್ನೊಂದಕ್ಕೆ ಬಂದಳು. ಹಿಂದಿನಿಂದ ತೊಡಿಸುತ್ತಿರುವಾಗ, ಮುಖ ಕಾಣದ ಧೈರ್ಯಕ್ಕೆ, ‘ತಪ್ಪಾಯಿತು’ ಎಂದೆ.

ತಿರುಗಿ, ‘ಏನಂದ್ರಿ?’ ಎಂದಳು.

‘ಕಾಲರ್ ಸರಿಯಾಯ್ತು ಅಂದೆ.’

ಇವರ ಕೋಣೆಗೆ ಹೋದಳು. ಅರ್ಧ ಗಂಟೆಯ ಮೇಲೆ ಒಳಗಿನಿಂದ ನಗು ಕೇಳಿಸಿತು. ಬಾಗಿಲು ತೆರೆದೇ ಇತ್ತು. ನಾನು ಹೋಗಿ ಮುಚ್ಚಿ ಬಂದೆ. ಗಾಳಿ ಬರುತ್ತಿತ್ತು.

ಏಪ್ರಿಲ್ ೧೬, ಬುಧವಾರ

೧೪೦/೮೬. ಹೆಬ್ಬೆರಳು ಹೊರಗೆ ಬಂದಿದೆ. ವ್ಯಾಯಾಮ ಅವಳಿಲ್ಲದ ದಿನ ನಾನು ಮಾಡಿಸುತ್ತೇನೆ, ಅವಳು ಹೇಳಿದಂತೆ ಬಿಸಿನೀರಿನ ಬಟ್ಟೆ ಸುತ್ತಿ, ಮೆಲ್ಲಗೆ.

ಮಧ್ಯಾಹ್ನ ಸೊಸೆ ಕಿಟಕಿಯ ಬಳಿ ಕೂತು ಗುಂಡಿ ಹಚ್ಚುತ್ತಿದ್ದಳು. ಎದುರಿಗೆ ಕೂತು ಮುಖ ನೋಡಿ, ‘ಊಟ ಮಾಡಿದೆಯಾ?’ ಎಂದೆ. ಸೂಜಿ ನಿಂತಿತು.

‘ಯಾಕತ್ತೆ? ನಾನೇನು ತಪ್ಪು ಮಾಡಿದೆ?’

‘ತಪ್ಪು ಮಾಡಿದ್ರೆ ಊಟ ಕೇಳ್ತೀನಾ? ಸುಮ್ಮನೆ ಕೇಳಿದೆ.’

‘ಸುಮ್ಮನೆನಾ?’ ಎಂದು ನನ್ನನ್ನೇ ನೋಡಿದಳು. ಸಂಜೆ ಅವಳು ಗಂಡನ ಕಿವಿಯಲ್ಲಿ ಏನೋ ಹೇಳುತ್ತಿದ್ದದ್ದನ್ನು ನೋಡಿದೆ. ಅವನು ಬಂದು, ‘ಅಮ್ಮಾ, ಹುಷಾರಾಗಿದ್ದೀಯ ತಾನೇ? ನಿನ್ನ ಬಿಪಿನೂ ಒಂದ್ಸಲ ನೋಡಿಬಿಡೋಣ’ ಎಂದ.

ಈ ಮನೆಯಲ್ಲಿ ಎಲ್ಲರಿಗೂ ಅನುಮಾನ. ಯಾರಿಂದ ಕಲಿತರೋ.

ನಾಳೆ ಅವಳನ್ನು ಇನ್ನೊಮ್ಮೆ ಕೇಳಿ ನೋಡುತ್ತೇನೆ. ಅಭ್ಯಾಸವಾದರೆ ಹೆದರಲಿಕ್ಕಿಲ್ಲ.

ಏಪ್ರಿಲ್ ೨೪, ಗುರುವಾರ

ಕಲಿಯಲು ಬಂದ ಹೆಂಗಸು ದಾರ ಹಾಕಿ ಮೊದಲ ಹೊಲಿಗೆ ಹಾಕಿದಳು. ಹಾವು ಹರಿದ ಹಾಗಿತ್ತು. ಅಡಿಕೋಲು ಎತ್ತಿಕೊಂಡೆ. ಅವಳು ತಾನಾಗಿ ಬೆರಳು ಮುಂದೆ ಚಾಚಿದಳು. ಆ ಬೆರಳನ್ನು ಕಂಡು ಯಾಕೋ ಮನಸ್ಸು ಬರಲಿಲ್ಲ. ಅಳತೆ ಹಾಕುವುದಕ್ಕೆ ಎತ್ತಿಕೊಂಡೆ ಎಂದೆ.

ಒಂಬತ್ತನೆಯ ಸಾಲು ಇನ್ನೂ ಖಾಲಿ. ದಿನವೂ ನೋಡುತ್ತೇನೆ, ಟವೆಲು ತೆಗೆಯಲು ಹೋದಾಗ.

ಮೇ ೯, ಶುಕ್ರವಾರ

ನಾಳೆಗೆ ಮೂರು ತಿಂಗಳು.

ಬೆಳಿಗ್ಗೆ ಡಾಕ್ಟರು ನೋಡಿದರು. ಕೈಗೆ ಕತ್ತರಿ ಕೊಟ್ಟು ನೋಡಿದರು. ಇವರು ಎತ್ತಿದರು, ತೆರೆದರು, ಒತ್ತಲು ಆಗಲಿಲ್ಲ. ಕತ್ತರಿ ಮೇಜಿನ ಮೇಲೆ ಬಿತ್ತು. ‘ಭಾರದ ಕೆಲಸ ಇನ್ನು ಬಿಟ್ಟುಬಿಡಿ ಮಾಸ್ಟರ್. ಬರೆಯೋದು, ತಿನ್ನೋದು, ಸಣ್ಣಪುಟ್ಟದ್ದು ಎಲ್ಲ ಆಗುತ್ತೆ’ ಎಂದರು ಡಾಕ್ಟರು. ಆಟೋದಲ್ಲಿ ಬರುವಾಗ ನನ್ನ ಎದೆಯಲ್ಲಿ ಹತ್ತೊಂಬತ್ತು ದಿನ, ಹತ್ತೊಂಬತ್ತು ದಿನ ಎಂದು ಕುಟ್ಟುತ್ತಿತ್ತು. ಲೆಕ್ಕ ಹಾಕಿದ್ದೇನೆ. ನಾನು ಆ ಹುಡುಗಿಯನ್ನು ಓಡಿಸಿದ್ದಕ್ಕೂ ಅವಳು ಮತ್ತೆ ಬಂದದ್ದಕ್ಕೂ ನಡುವೆ ತಪ್ಪಿದ ಪಾಠ ಎಂಟು, ಕಳೆದುಹೋದ ದಿನ ಹತ್ತೊಂಬತ್ತು. ಆ ದಿನಗಳು ಇದ್ದಿದ್ದರೆ ಕತ್ತರಿ ಒತ್ತುತ್ತಿತ್ತೋ ಏನೋ. ಯಾರೂ ಹೇಳಲಾರರು. ನಾನೂ ಯಾರನ್ನೂ ಕೇಳಲಾರೆ.

ಮನೆಗೆ ಬಂದ ಮೇಲೆ ಮೇಲಕ್ಕೆ ಹತ್ತಿಸಲಿಲ್ಲ. ಅಂಗಡಿಯೊಳಗೆ ಕರೆದುಕೊಂಡು ಹೋಗಿ, ಕತ್ತರಿಸುವ ಮೇಜಿನ ಮುಂದೆ ನಿಲ್ಲಿಸಿದೆ. ನೀಲಿ ಬಟ್ಟೆ ತಂದು ಮಡಿಕೆ ಬಿಡಿಸಿ ಹಾಸಿದೆ. ಬಲಗೈಗೆ ಸೀಮೆಸುಣ್ಣ ಕೊಟ್ಟೆ.

‘ಎಳೀರಿ.’

‘ಹಾಳಾಗುತ್ತೆ. ಒಳ್ಳೆ ಬಟ್ಟೆ.’

‘ಹಾಳಾಗಲಿ. ಎಳೀರಿ.’

ಮೆಷಿನ್‌ಗಳೆಲ್ಲ ನಿಂತವು. ಮಗ ಗಿರಾಕಿಯ ಎದೆಗೆ ಸುತ್ತಿದ ಟೇಪನ್ನು ಹಾಗೇ ಹಿಡಿದುಕೊಂಡು ನೋಡುತ್ತಿದ್ದ. ಇವರು ಗೆರೆ ಎಳೆದರು. ಬಟ್ಟೆಯ ಈ ತುದಿಯಿಂದ ಆ ತುದಿಗೆ ಹೋಗುವುದಕ್ಕೆ ಅದೆಷ್ಟು ಹೊತ್ತು! ನಡುವೆ ಬೆರಳಿನಷ್ಟು ಸೊಟ್ಟ. ಬೇರೆ ಯಾರಾದರೂ ಎಳೆದಿದ್ದರೆ ಅಳಿಸಿ ಮತ್ತೆ ಎಳೆಯಿಸುತ್ತಿದ್ದೆ.

ಕತ್ತರಿ ತೆಗೆದುಕೊಂಡು ಆ ಗೆರೆಯ ಮೇಲೆಯೇ ಕತ್ತರಿಸಿದೆ. ಸೊಟ್ಟ ಇದ್ದಲ್ಲಿ ಸೊಟ್ಟ.

‘ಇನ್ನು ಗೆರೆ ನಿಮ್ಮದು, ಕತ್ತರಿ ನನ್ನದು’ ಎಂದೆ.

ಇವರು ಸೀಮೆಸುಣ್ಣ ಕೆಳಗಿಟ್ಟರು. ತುಟಿ ತೆರೆಯಿತು, ಮುಚ್ಚಿತು. ನೀಲಿ ಬಟ್ಟೆಯ ವಿಷಯವೇ ಏನೋ ಹೇಳುತ್ತಾರೆ ಎಂದುಕೊಂಡೆ. ಎಲ್ಲರ ಎದುರಿಗೆ, ಸೊಸೆಯ ಎದುರಿಗೆ, ಗುರುತು ಪರಿಚಯವಿಲ್ಲದ ಆ ಗಿರಾಕಿಯ ಎದುರಿಗೆ, ನನ್ನ ಹೆಸರು ಹೇಳಿದರು.

ಕೆಲಸ ನೋಡಿ ಎಂದು ಎಲ್ಲರನ್ನೂ ಗದರಿಸಿ ಮೇಲೆ ಬಂದೆ. ಬೀರು ತೆರೆದು ಒಂಬತ್ತನೆಯ ಸಾಲಿನಲ್ಲಿ, ಇವತ್ತಿನ ಮನೆಯಲ್ಲಿ, ನಾನೇ ಗುರುತು ಹಾಕಿದೆ.

ದನಿ ಬಹಳ ಸಣ್ಣದಾಯಿತು. ಕೊನೆಯ ಅಕ್ಷರವಂತೂ ನುಂಗಿಯೇಬಿಟ್ಟರು. ನಾಳೆ ಮತ್ತೆ ಹೇಳಿಸಬೇಕು.